ಅಪ್ಪಯ್ಯನ ಇಂಗ್ಲಿಷ್ ಕ್ಯಾಸೆಟ್ಟುಗಳು

ಇಂಗ್ಲಿಷ್ ಕಲಿತು ಕೆಟ್ಟವರದೊಂದು ಸಂಘವನ್ನು ಯಾರಾದರೂ ಕಟ್ಟುವುದಾದರೆ, ಅದರ ಅಧ್ಯಕ್ಷೆಯ ಸ್ಥಾನಕ್ಕೆ ನನ್ನ ಹೆಸರನ್ನು ಧಾರಾಳವಾಗಿ ಸೂಚಿಸಬಹುದು. ಹಾಗೆಂದು ನಾನು ಆ ಭಾಷೆಯ ವೈರಿಯಲ್ಲ. ನನ್ನ ಅನ್ನ ಹುಟ್ಟುವುದೇ ಅದರಿಂದ. ದುಬೈನ ಊದ್ ಮೇಥಾದಲ್ಲಿ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿ ಕೂತು, ದವಡೆ ಊದಿಸಿಕೊಂಡು ಬಂದವರಿಗೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳುವುದು ನನ್ನ ಉದ್ಯೋಗ. ಆದರೆ ಆ ಭಾಷೆಯ ಒಂದಕ್ಷರವೂ ಬಾರದಿದ್ದ ಕಾಲದಲ್ಲಿ ಅದನ್ನು ಕೇಳಿ ನಾನು ನಕ್ಕಷ್ಟು, ಬಂದ ಮೇಲೆ ಎಂದೂ ನಕ್ಕಿಲ್ಲ. ಆ ನಗುವಿನ ಲೆಕ್ಕ ಮೊನ್ನೆ ಮೊನ್ನೆ ಅಪ್ಪಯ್ಯ ವಿಸಿಟ್ ವೀಸಾದ ಮೇಲೆ ಬಂದಾಗ ಬಯಲಾಯಿತು.

ಅಪ್ಪಯ್ಯ ಅಬುಧಾಬಿಯ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವರು. ನಾನು ತೀರ ಚಿಕ್ಕವಳಿದ್ದಾಗ ಅಮ್ಮನೂ ನಾನೂ ಅವರ ಜೊತೆ ಅಲ್ಲೇ, ಹಳೆಯ ವಿಲ್ಲಾವೊಂದರ ಹಿಂಭಾಗದ ಒಂದೇ ಕೋಣೆಯಲ್ಲಿ ಇದ್ದೆವು. ಆ ಕೋಣೆಯನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಏಸಿಯ ಗೊರಕೆ. ಆಮೇಲೆ ಕಾಣುವುದು ಶುಕ್ರವಾರದ ಮಧ್ಯಾಹ್ನದ ಬೆಳಕು. ಹೊರಗೆ ಧೂಳೆದ್ದ ದಿನ ಆ ಬೆಳಕು ಪರದೆಯ ಮೂಲಕ ಸೋಸಿ ಬಂದು ಕೋಣೆಯನ್ನೆಲ್ಲ ತೆಳು ಚಹಾದ ಬಣ್ಣಕ್ಕೆ ತಿರುಗಿಸುತ್ತಿತ್ತು. ಆ ಬಣ್ಣದ ನಡುವೆ ನೀಲಿಯಾಗಿ ಉರಿಯುವ ಟಿವಿ. ಟಿವಿಯ ಪಕ್ಕ ಮೇಷ್ಟರ ಹಾಗೆ ನಿಂತ ಅಪ್ಪಯ್ಯ.

ಟಿವಿಯಲ್ಲಿ ಓಡುತ್ತಿದ್ದದ್ದು ಇಂಗ್ಲೆಂಡಿನ ಮಕ್ಕಳ ಹಾಸ್ಯ ಧಾರಾವಾಹಿಯೊಂದರ ಕ್ಯಾಸೆಟ್ಟು. ಧಾರಾವಾಹಿ ಪೂರ್ತಿಯಲ್ಲ, ನಗೆ ಉಕ್ಕಿಸುವ ದೃಶ್ಯಗಳನ್ನಷ್ಟೇ ಅಲ್ಲಿಂದ ಇಲ್ಲಿಂದ ಕತ್ತರಿಸಿ ಜೋಡಿಸಿದ ಸಂಗ್ರಹ. ಅಂಥ ಮೂರು ಕ್ಯಾಸೆಟ್ಟುಗಳನ್ನು ಅಪ್ಪಯ್ಯ ದುಬೈಗೆ ಹೋದಾಗ ನೈಫ್‌ನ ಅಂಗಡಿಯಿಂದ ತಂದಿದ್ದರು. ಸಮುದ್ರದ ದಂಡೆಯ ಊರಿನಲ್ಲಿ ಕೊಡೆ ರಿಪೇರಿಯ ಅಂಗಡಿ. ಅಲ್ಲಿ ಒಬ್ಬ ದಪ್ಪ ಮನುಷ್ಯ, ಒಬ್ಬಳು ತೆಳ್ಳಗಿನ ಹೆಂಗಸು. ಆಗಾಗ ಬರುವ ದೊಡ್ಡ ಟೊಪ್ಪಿಯವನು. ಕೊಡೆ ರಿಪೇರಿಯ ಅಂಗಡಿಯ ಮಾಡೇ ಸೋರುತ್ತದೆ, ತೆರೆದ ಕೊಡೆ ಮಡಚಿಕೊಳ್ಳುವುದಿಲ್ಲ, ಮಡಚಿದ್ದು ತೆರೆದುಕೊಂಡು ಯಾರದೋ ಮೂಗಿಗೆ ಬಡಿಯುತ್ತದೆ. ಅವರಾಡುತ್ತಿದ್ದ ಇಂಗ್ಲಿಷನ್ನು ಅಪ್ಪಯ್ಯ ನಿಂತ ನಿಲುವಿನಲ್ಲೇ ಕುಂದಾಪುರದ ಕನ್ನಡಕ್ಕೆ ತಿರುಗಿಸಿ ನಮಗೆ ಹೇಳುತ್ತಿದ್ದರು.

"ಹ್ವಾಯ್, ಮಳಿ ಬಂತ್ ಕಾಣಿ! ನನ್ ಕೊಡಿ ಎಲ್ಲಿತ್ತ್?" ಎಂದು ದಪ್ಪ ಮನುಷ್ಯ ಕೇಳುತ್ತಿದ್ದ. "ನಿಮ್ ತಲಿ ಮೇಲೇ ಇತ್ತಲೆ ಮಾರಾಯ್ರೆ!" ಎಂದು ತೆಳ್ಳಗಿನ ಹೆಂಗಸು ಗದರುತ್ತಿದ್ದಳು. ಅಪ್ಪಯ್ಯ ಅವನಿಗೆ ದಪ್ಪ ಸ್ವರ, ಅವಳಿಗೆ ಕೀರಲು ಸ್ವರ ಕೊಡುತ್ತಿದ್ದರು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ನಾನು ನಕ್ಕು ನಕ್ಕು ಚಾಪೆಯಿಂದ ಉರುಳಿ ಮಂಚದ ಕೆಳಗೆ ಸೇರುತ್ತಿದ್ದೆ. ದೃಶ್ಯಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂಬುದು ನನಗೆ ಗೊತ್ತೇ ಆಗಿರಲಿಲ್ಲ. ಏಕೆಂದರೆ ಅಪ್ಪಯ್ಯನ ಬಾಯಲ್ಲಿ ಅವೆಲ್ಲ ಒಂದೇ ಕತೆ. ಆ ಕತೆಯಲ್ಲಿ ಟೊಪ್ಪಿಯವನು ಅರಬಾಬ್, ಅಂದರೆ ಅಂಗಡಿಯ ಯಜಮಾನ. ದಪ್ಪ ಮನುಷ್ಯನ ತಂಗಿಗೆ ಊರಿನಲ್ಲಿ ಮದುವೆ. ಅವನಿಗೆ ರಜೆ ಬೇಕು, ಅರಬಾಬ್ ಕೊಡುವುದಿಲ್ಲ. ತೆಳ್ಳಗಿನ ಹೆಂಗಸು ಒಂದು ದೃಶ್ಯದಲ್ಲಿ ಅಂಗಡಿಯಲ್ಲಿದ್ದು ಮುಂದಿನದರಲ್ಲಿ ನರ್ಸಿನ ಉಡುಪಿನಲ್ಲಿ ಕಂಡರೆ, "ಅಂಗ್ಡಿ ಸಂಬ್ಳ ಸಾಲ್ಲಿಲ್ಲೆ, ಪಾಪ, ಆಸ್ಪತ್ರಿಗೆ ಸೇರ್ಕಂಡ್ಳ್" ಎಂದು ಅಪ್ಪಯ್ಯ ವಿವರಣೆ ಕೊಡುತ್ತಿದ್ದರು. ಎಂಥ ಇಂಗ್ಲಿಷ್ ಪಂಡಿತರು ನನ್ನ ಅಪ್ಪಯ್ಯ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಶಾಲೆಗೆ ಸೇರುವ ವಯಸ್ಸಿಗೆ ಅಮ್ಮನೂ ನಾನೂ ಊರಿಗೆ ಮರಳಿದೆವು. ಅಪ್ಪಯ್ಯ ನಿವೃತ್ತರಾಗಿ ಬರುವ ಹೊತ್ತಿಗೆ ಕ್ಯಾಸೆಟ್ಟು ಓಡಿಸುವ ಯಂತ್ರಗಳೇ ಲೋಕದಿಂದ ಮಾಯವಾಗಿದ್ದವು. ನಾನು ದೊಡ್ಡವಳಾಗಿ, ಇಂಗ್ಲಿಷ್ ಕಲಿತು, ಸುಧೀರನನ್ನು ಮದುವೆಯಾಗಿ ದುಬೈಗೆ ಬಂದೆ. ಈಗ ನಾವಿರುವುದು ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಲ್ಲಿ ಕಟ್ಟಡಗಳ ಗುಂಪಿಗೊಂದೊಂದು ದೇಶದ ಹೆಸರು, ನಮ್ಮದು ಇಂಗ್ಲೆಂಡ್. ಅಪ್ಪಯ್ಯ ಅಮ್ಮನೊಂದಿಗೆ ಬಂದಿಳಿದ ದಿನವೇ ಊರಿನ ಗೆಳೆಯರಿಗೆಲ್ಲ ಫೋನು ಮಾಡಿ, "ಮಗ್ಳ ಮನಿ ಇಂಗ್ಲೆಂಡಗಿತ್ತ್, ನಾನೀಗ ಅಲ್ಲೇ ಇಪ್ಪುದ್" ಎಂದರು. ಅದು ಸುಳ್ಳೂ ಅಲ್ಲ ನೋಡಿ. ಫೋನಿಟ್ಟ ಮೇಲೆ ಚೀಲದ ತಳದಿಂದ, ಪಂಚೆಯೊಂದರಲ್ಲಿ ಸುತ್ತಿದ ಮೂರು ಕ್ಯಾಸೆಟ್ಟುಗಳನ್ನು ತೆಗೆದು ನನ್ನ ಮಗಳು ತನ್ವಿಯ ಕೈಗಿತ್ತರು.

ತನ್ವಿ ಎರಡನೇ ಕ್ಲಾಸು. ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಈಸ್ ಇಟ್ ಎ ಲಂಚ್ ಬಾಕ್ಸ್, ಅಜ್ಜ?" ಎಂದು ಕೇಳಿದಳು.

ನನಗೆ ಅವತ್ತಿನಿಂದ ನೆಮ್ಮದಿ ಹೋಯಿತು. ಕ್ಲಿನಿಕ್ಕಿನಲ್ಲಿ ಯಾರೋ ತಮ್ಮ ಹಲ್ಲು ಅಲ್ಲಾಡುವ ಸುದ್ದಿ ಹೇಳುತ್ತಿದ್ದರೆ ನನ್ನ ಕಣ್ಣೆದುರು ಚಹಾ ಬಣ್ಣದ ಬೆಳಕು ತೇಲುತ್ತಿತ್ತು. ಸುಧೀರ, "ಯೂಟ್ಯೂಬಲ್ಲಿ ಹುಡುಕು, ಖಲಾಸ್" ಎಂದ. ಹುಡುಕಲಿಲ್ಲ. ಅಪ್ಪಯ್ಯನ ಕ್ಯಾಸೆಟ್ಟೇ ಓಡಬೇಕು, ಅಪ್ಪಯ್ಯನೇ ಪಕ್ಕದಲ್ಲಿ ನಿಲ್ಲಬೇಕು ಎಂದು ಹಟ ಹಿಡಿದು, ರಜೆಯ ದಿನ ನೈಫ್‌ನ ಗಲ್ಲಿಗಳಲ್ಲಿ ಅಲೆದೆ. ಸುಗಂಧದ ಅಂಗಡಿ, ಸೂಟ್‌ಕೇಸಿನ ಅಂಗಡಿ, ಮೊಬೈಲ್ ಕವರಿನ ಅಂಗಡಿಗಳನ್ನೆಲ್ಲ ದಾಟಿದ ಮೇಲೆ, ಬಂಟ್ವಾಳ ಕಡೆಯ ಬ್ಯಾರಿಯವರೊಬ್ಬರ ಹಳೆಯ ಎಲೆಕ್ಟ್ರಾನಿಕ್ಸ್ ಅಂಗಡಿ ಸಿಕ್ಕಿತು.

"ವಿಸಿಆರ್ ಉಂಟಾ?" ಎಂದೆ.

ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಮ್ಯೂಸಿಯಂನವರಾ ನೀವು ಅಕ್ಕಾ?"

ನಾನು ವಿಷಯ ವಿವರಿಸಿದೆ. ಅವರು ಏಣಿ ಹತ್ತಿ, ಅಟ್ಟದಿಂದ ಒಂದು ಕಪ್ಪು ಯಂತ್ರ ಇಳಿಸಿ, ಊದಿ, ಕೆಮ್ಮಿ, ಒರೆಸಿ ಕೊಟ್ಟರು. "ತಕೊಂಡು ಹೋಗಿ. ಓಡಿದ್ರೆ ನಿಮ್ಮ ನಸೀಬು. ನೋಡಿಯಾದ ಮೇಲೆ ಬೇಕಾದ್ರೆ ವಾಪಸ್ ಕೊಡಿ. ಇಲ್ಲಿ ಇದನ್ನು ಕೇಳುವವರು ಇನ್ನು ಯಾರೂ ಇಲ್ಲ." ಮೆಟ್ರೋದಲ್ಲಿ ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎದುರಿನ ಸೀಟಿನ ಫಿಲಿಪಿನೋ ಹುಡುಗಿ ಅದನ್ನು ನೋಡಿ, ನನ್ನ ಮುಖ ನೋಡಿ, ಯಾಕೋ ಮುಗುಳ್ನಕ್ಕಳು.

ಸುಧೀರ ಟಿವಿಯ ಬೆನ್ನ ಹಿಂದೆ ತಲೆ ತೂರಿಸಿ ಬಹಳ ಹೊತ್ತು ಗೊಣಗಿದ. ಅಂತೂ ಚಿತ್ರ ಬಂತು. ಮೊದಲು ಬರೀ ಚುಕ್ಕೆಗಳ ಹಿಮ. ಹಿಮದೊಳಗಿನಿಂದ ಕನಸಿನಲ್ಲಿ ಬಂದಂತೆ ನಿಧಾನವಾಗಿ ಸಮುದ್ರದ ದಂಡೆ, ಅಂಗಡಿ, ದಪ್ಪ ಮನುಷ್ಯ. ಅವನ ಕೋಟಿನ ಬಣ್ಣ ಅಂಚಿನಿಂದ ಸೋರಿ ಆಕಾಶಕ್ಕೆ ಹರಿದಿತ್ತು. ಅಪ್ಪಯ್ಯ ಎದ್ದು, ಪಂಚೆ ಸರಿಮಾಡಿಕೊಂಡು, ಟಿವಿಯ ಪಕ್ಕ ಹೋಗಿ ನಿಂತರು. ಅಮ್ಮ ಸೋಫಾದಲ್ಲಿ ಕಾಲು ಮಡಚಿ ಕೂತಳು. ತನ್ವಿ ನೆಲದ ಮೇಲೆ.

"ಅರಬಾಬ್, ತಂಗಿ ಮದಿ ಇತ್ತ್, ನಂಗ್ ಊರಿಗ್ ಹೋಯ್ಕ್" ಎಂದರು ಅಪ್ಪಯ್ಯ, ದಪ್ಪ ಸ್ವರದಲ್ಲಿ.

"ಅಜ್ಜಾ," ಎಂದಳು ತನ್ವಿ, "ಹಿ ಡಿಡಂಟ್ ಸೇ ದಟ್."

ಅಪ್ಪಯ್ಯ ಕೇಳಿಸಿಕೊಳ್ಳಲಿಲ್ಲ. "ರಜಿ ಕೊಡುಕಾತ್ತಿಲ್ಲೆ!" ಎಂದು ಟೊಪ್ಪಿಯವನಾಗಿ ಗುಡುಗಿದರು.

"ನೋ, ಅಜ್ಜಾ! ಆ ಹ್ಯಾಟ್ ಅಂಕಲ್ ಅಂಬ್ರೆಲಾದ ಹ್ಯಾಂಡಲ್ ಪಾರ್ಟ್ ಕೇಳ್ತಿದ್ದಾರೆ. ಡಕ್ ಶೇಪ್ ಬೇಕಂತೆ. ಮದುವೆ ಎಲ್ಲ ಇಲ್ಲ."

ಆಗ ನಾನು ಜೀವಮಾನದಲ್ಲೇ ಮೊದಲ ಬಾರಿಗೆ ಆ ಕ್ಯಾಸೆಟ್ಟಿನ ಮಾತಿಗೆ ಕಿವಿಗೊಟ್ಟೆ. ಹೌದು, ಬಾತುಕೋಳಿಯ ತಲೆಯಂಥ ಹಿಡಿ. ಟೊಪ್ಪಿಯವನು ಬರೀ ಗಿರಾಕಿ. ಅರಬಾಬ್ ಇಲ್ಲ, ತಂಗಿ ಇಲ್ಲ, ಮದುವೆ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ನರ್ಸಿನ ಉಡುಪಿನ ಹೆಂಗಸು ಊರಿನ ವೇಷದ ಸ್ಪರ್ಧೆಗೆ ಹೊರಟಿದ್ದಳು. ಮತ್ತೊಂದು ಮಾತು ಹೇಳಬೇಕು. ಆ ಧಾರಾವಾಹಿ ಅಷ್ಟೇನೂ ತಮಾಷೆಯಾಗಿರಲಿಲ್ಲ.

ಅಪ್ಪಯ್ಯ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ. "ಕಣ್ಣ್ ಯಾಕೋ ಉರೀತ್ತ್" ಎಂದು ಹೇಳಿ ಒಳಕೋಣೆಗೆ ಹೋಗಿ ಮಲಗಿಬಿಟ್ಟರು. ದಪ್ಪ ಮನುಷ್ಯ ತನ್ನ ಪಾಡಿಗೆ ಇಂಗ್ಲಿಷಿನಲ್ಲಿ ಬಡಬಡಿಸುತ್ತಲೇ ಇದ್ದ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅಪ್ಪಯ್ಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಇಂಗ್ಲೆಂಡಿನ ಬೀದಿಯಲ್ಲಿ ಸೈಕಲ್ ತುಳಿಯುವ ಪಠಾಣರನ್ನೂ ಬಸ್ಸಿಗೆ ಕಾಯುವ ಕೇರಳದವರನ್ನೂ ನೋಡುತ್ತ ಕೂರುತ್ತಿದ್ದರು. ಟಿಕೆಟಿನ ತಾರೀಕು ಹಿಂದಕ್ಕೆ ಮಾಡಿಸಿ ಬೇಗ ಊರಿಗೆ ಹೊರಡಲಾಗುತ್ತದೆಯೇ ಎಂದು ಸುಧೀರನನ್ನು ಗುಟ್ಟಾಗಿ ಕೇಳಿದರಂತೆ. ತನ್ವಿಯ ಎದುರು ಮಾತೇ ಕಡಿಮೆಯಾಯಿತು. ಅವಳು ಇಂಗ್ಲಿಷಿನಲ್ಲಿ ಏನು ಕೇಳಿದರೂ, "ಅಮ್ಮನ್ ಹತ್ರ ಕೇಳ್, ನಂಗೆ ಬತ್ತಿಲ್ಲೆ" ಎನ್ನುತ್ತಿದ್ದರು. ಆ ಮಾತು ನನಗೆ ಹಲ್ಲಿನ ನರಕ್ಕೆ ತಣ್ಣೀರು ತಾಗಿದ ಹಾಗಾಗುತ್ತಿತ್ತು.

ಅಮ್ಮ ಅಡುಗೆಮನೆಯಲ್ಲಿ ಬಂಗಡೆ ಮೀನು ಹೆಚ್ಚುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತು, "ಅಮ್ಮಾ, ಅಪ್ಪಯ್ಯನಿಗೆ ಇಂಗ್ಲಿಷ್ ಬರ್ತಿರಲಿಲ್ಲ ಅಂತ ನಿನಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ?" ಎಂದಳು ಅಮ್ಮ, ಚೂರಿ ನಿಲ್ಲಿಸದೆ. "ನಾನ್ ಎಸ್ಸೆಸ್ಸೆಲ್ಸಿ ಪಾಸ್ ಅಲ್ದಾ ಹೆಣೆ. ಆ ಬಾತುಕೋಳಿ ಹಿಡಿ ನಂಗ್ ಅವತ್ತೇ ಅರ್ಥ ಆಯಿತ್ತ್."

"ಮತ್ತೆ ಹೇಳಲಿಲ್ಲ ಯಾಕೆ?"

ಅಮ್ಮ ಈಗ ಚೂರಿ ಇಟ್ಟಳು. "ಅವ್ರ ತಂಗಿ ಮದಿಗೆ ಅವ್ರಿಗೆ ರಜಿ ಸಿಕ್ಲಿಲ್ಲೆ, ಗೊತ್ತಿತ್ತಾ ನಿಂಗೆ? ಹಗಲಿಡೀ ಆ ಸಾಹೇಬ್ರಿಗೆಲ್ಲ 'ಎಸ್ ಸಾರ್, ಎಸ್ ಸಾರ್' ಅಂದ್ಕಂಡ್ ಬತ್ತಿದ್ರ್. ಇರೂದೊಂದ್ ಶುಕ್ರವಾರ. ಅವತ್ತ್ ಆ ಸಾಹೇಬ್ರ ಬಾಯಗೇ ನಮ್ ಮಾತ್ ಆಡಿಸ್ತಿದ್ರ್. ನಾನ್ ಎಂತಕ್ ತಡೀಲಿ? ಮತ್ತೆ ಆ ಬಾತುಕೋಳಿ ಕತಿಗಿಂತ ಇದೇ ಚಂದ ಇತ್ತಲೆ." ಇಷ್ಟು ಹೇಳಿ ಮತ್ತೆ ಬಂಗಡೆಯ ಕಡೆ ತಿರುಗಿದಳು.

ನಾನು ಹೊರಗೆ ಬಂದೆ. ಅಪ್ಪಯ್ಯನ ಬಳಿ ಏನಾದರೂ ಹೇಳಬೇಕು, ಆದರೆ ಏನು ಹೇಳುವುದು? ದವಡೆ ಊದಿದವರಿಗೆಲ್ಲ ಸಮಾಧಾನ ಹೇಳುವ ನನ್ನ ನಾಲಗೆಗೆ ಹೆತ್ತ ತಂದೆಗೆ ಹೇಳಲು ಒಂದು ಮಾತೂ ಸಿಗಲಿಲ್ಲ. ಇಂಗ್ಲಿಷಿನಲ್ಲೂ ಸಿಗಲಿಲ್ಲ. ಕೊನೆಗೆ ಬಾಯಿ ತುದಿಗೆ ಬಂದದ್ದು "ಚಹಾ ಬೇಕಾ?" ಎಂಬ ಪ್ರಶ್ನೆ ಮಾತ್ರ. ಅದಕ್ಕೂ ಅವರು ಬೇಡ ಎಂದರು.

ಕೆಲಸ ಸಾಧಿಸಿದವಳು ತನ್ವಿ. ಅದೂ ಅಜ್ಜನ ಮನಸ್ಸಿನ ನೋವು ತಿಳಿದು ಅಂತೇನಲ್ಲ, ಅವಳಿಗೆ ಬೇಜಾರಾಗಿತ್ತು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ತಾನೇ ಕ್ಯಾಸೆಟ್ಟು ತುರುಕಿ ಚಾಪೆಯ ಮೇಲೆ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಬಾಲ್ಕನಿಗೆ ಹೋಗಿ ಅಜ್ಜನ ಪಂಚೆ ಹಿಡಿದು ಎಳೆದಳು.

"ಅಜ್ಜಾ, ಕಮ್. ಇಟ್ಸ್ ಸೋ ಬೋರಿಂಗ್. ಅವರಿಗೆ ರಜೆ ಸಿಕ್ಕಿತಾ ಇಲ್ವಾ?"

"ಅದೆಲ್ಲ ಅದ್ರಗಿಲ್ಲೆ ಪುಟ್ಟಿ," ಎಂದರು ಅಪ್ಪಯ್ಯ. "ನೀನೇ ಹೇಳಿದೆ ಅಲ್ದಾ?"

"ಐ ನೋ. ಬಟ್ ನೀವು ಹೇಳಿ." ಎಂದವಳೇ ರಿಮೋಟ್ ಎತ್ತಿ ಟಿವಿಯ ಸದ್ದನ್ನು ಪೂರ್ತಿ ಅಡಗಿಸಿಬಿಟ್ಟಳು. "ನೌ ದೇ ಕಾಂಟ್ ಡಿಸ್ಟರ್ಬ್ ಯು."

ಕೋಣೆ ನಿಶ್ಶಬ್ದವಾಯಿತು. ಹೊರಗೆ ಧೂಳೆದ್ದಿತ್ತು. ದಪ್ಪ ಮನುಷ್ಯ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದ. ಅಪ್ಪಯ್ಯ ಬಾಗಿಲಲ್ಲಿ ನಿಂತು ಅವನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಬಂದು ಟಿವಿಯ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು, "ಹ್ವಾಯ್ ಅರಬಾಬ್!" ಎಂದರು. ಮೊದಲು ಸ್ವರ ನಡುಗಿತು. ನರ್ಸಮ್ಮ ಬರುವ ಹೊತ್ತಿಗೆ ಸರಿಯಾಯಿತು. ಮೂರನೇ ಕ್ಯಾಸೆಟ್ಟಿನ ಹೊತ್ತಿಗೆ ತನ್ವಿ ಚಾಪೆಯ ಮೇಲಿರಲಿಲ್ಲ, ಟೀಪಾಯಿಯ ಕೆಳಗಿದ್ದಳು. ಅಮ್ಮ ಸೆರಗು ಬಾಯಿಗೊತ್ತಿಕೊಂಡಿದ್ದಳು. ಇಂಗ್ಲಿಷ್ ಚೆನ್ನಾಗಿ ಬಲ್ಲ ಸುಧೀರನೂ ಕಣ್ಣೊರೆಸಿಕೊಳ್ಳುತ್ತಿದ್ದ.

ಕೊನೆಯ ದೃಶ್ಯದಲ್ಲಿ ಟೊಪ್ಪಿಯವನು ದಪ್ಪ ಮನುಷ್ಯನ ಕೈ ಕುಲುಕಿ ಹೊರಗೆ ಹೋಗುತ್ತಾನೆ. "ಸರಿ ಮಾರಾಯ, ರಜಿ ತಕೋ," ಎಂದರು ಅಪ್ಪಯ್ಯ. "ಊರಿಗ್ ಹೋಯಿ ಬಾ. ತಂಗಿಗೆ ನಾನ್ ಕೇಳ್ದೆ ಅಂತ ಹೇಳ್."

ತನ್ವಿ ಚಪ್ಪಾಳೆ ತಟ್ಟಿದಳು. ನಾನು ಮಾತ್ರ, "ಅಪ್ಪಯ್ಯ, ಆಗ ಅವನಿಗೆ ರಜೆ ಸಿಕ್ಕಿರಲಿಲ್ಲ ಅಲ್ಲವಾ?" ಎಂದು ಕೇಳಿದೆ.

"ಆಗ ಸಿಕ್ಕಿದ್ದಿಲ್ಲೆ," ಎಂದರು ಅಪ್ಪಯ್ಯ. ಟಿವಿಯನ್ನು ಆರಿಸಿ, ಒಂದು ಲೋಟ ಚಹಾ ಕೇಳಿದರು.

ಅಪ್ಪಯ್ಯ, ಅಮ್ಮ ಊರಿಗೆ ಹೋಗಿ ಈಗ ಕೆಲವು ವಾರಗಳಾದವು. ಬ್ಯಾರಿಯವರಿಗೆ ಯಂತ್ರ ವಾಪಸ್ ಕೊಡಲು ಮನಸ್ಸಾಗಲಿಲ್ಲ, ಅವರೂ ಕೇಳಲಿಲ್ಲ. ಮೊನ್ನೆ ತನ್ವಿ ಸಪ್ಪಗೆ ಕೂತಿದ್ದನ್ನು ನೋಡಿ ನನಗೂ ಉಮೇದು ಬಂತು. ಹೇಗಿದ್ದರೂ ನಾನು ಅದೇ ಅಪ್ಪಯ್ಯನ ಮಗಳು. ಮೇಲಾಗಿ ಎರಡೂ ಭಾಷೆ ಬಲ್ಲವಳು. ಕ್ಯಾಸೆಟ್ಟು ಹಾಕಿ, ಸದ್ದು ಅಡಗಿಸಿ, ಚೂಡಿದಾರದ ವೇಲು ಸರಿಮಾಡಿಕೊಂಡು ಟಿವಿಯ ಪಕ್ಕ ನಿಂತೆ. ದಪ್ಪ ಸ್ವರ ಬಂತು, ಕೀರಲು ಸ್ವರವೂ ಬಂತು. ಕೈ ಬೀಸಿದೆ, ಕಣ್ಣು ಅರಳಿಸಿದೆ, ನನ್ನ ಮಾತಿಗೆ ನಾನೇ ಒಂದೆರಡು ಕಡೆ ನಕ್ಕೆ.

ತನ್ವಿ ಗಲ್ಲಕ್ಕೆ ಕೈಕೊಟ್ಟು ತಾಳ್ಮೆಯಿಂದ ಕೇಳಿದಳು. ಆಮೇಲೆ ಅನುಕಂಪ ತುಂಬಿದ ಸ್ವರದಲ್ಲಿ, "ಅಮ್ಮಾ," ಎಂದಳು, "ನೀನು ಅವರು ಹೇಳಿದ್ದನ್ನೇ ಹೇಳ್ತಿದ್ದೀಯಾ," ಎಂದು ನನ್ನ ಕೈಗೆ ರಿಮೋಟ್ ಕೊಟ್ಟಳು. "ಇಟ್ಸ್ ಓಕೆ. ಸೌಂಡ್ ಹಾಕು."