ಹಸಿರು ಬೆಡ್‌ಶೀಟಿನ ಬಂದೂಕು

ಪೊಲೀಸರಿಗೆ ಮೊದಲೇ ಮಾಹಿತಿ ಕೊಟ್ಟುಬಿಟ್ಟರೆ ಯಾವ ತೊಂದರೆಯೂ ಬರುವುದಿಲ್ಲ ಎಂದು ನಾನು ನಂಬಿದ್ದೆ. ಆಗಷ್ಟೇ ಎಂ.ಎ. ಮುಗಿಸಿದ್ದೆ. ಆ ವಯಸ್ಸಿನಲ್ಲಿ ಇಂಥ ನಂಬಿಕೆಗಳಿರುತ್ತವೆ.

ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇರುವ ನಮ್ಮೂರಿನಲ್ಲಿ ಅಪ್ಪನ ಹೆಸರಿಗೆ ಒಂದು ಬಂದೂಕಿತ್ತು. ಕಬ್ಬಿನ ಗದ್ದೆಗೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲೆಂದು ಸರ್ಕಾರವೇ ಕೊಟ್ಟ ಲೈಸೆನ್ಸ್. ಹಂದಿಗಳು ಬೆದರಿದ್ದನ್ನು ನಾನಂತೂ ನೋಡಿಲ್ಲ. ಆದರೆ ಊರಿನವರೆಲ್ಲ ಅಪ್ಪನನ್ನು ‘ಬಂದೂಕದ ಯಜಮಾನ್ರು’ ಎನ್ನುತ್ತಿದ್ದರು. ಆ ಹೆಸರು ಅಪ್ಪನಿಗೆ ಕಬ್ಬಿಗಿಂತ ಸಿಹಿ.

ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಎಣಿಕೆ ಮುಗಿದ ಮೇಲೆ ವಾಪಸ್. ಆ ಸಲ ನೋಟೀಸು ಕೊನೆಯ ದಿನವೇ ಬಂತು. ಸಂಜೆ ಐದರೊಳಗೆ ಒಪ್ಪಿಸದಿದ್ದರೆ ಲೈಸೆನ್ಸ್ ರದ್ದು!

“ಯಾವಾಗ್ಲೂ ಎಗಲ ಮ್ಯಾಲೆ ಇಟ್ಕಂಡು ಓಯ್ತಿದ್ದೆ ಕಣವ್ವ. ಇವತ್ತೂ ಅಂಗೇ ಓಯ್ತೀನಿ,” ಎಂದರು ಅಪ್ಪ.

ನಾನು ಒಪ್ಪಲಿಲ್ಲ. ಬಸ್ಸಿನಲ್ಲಿ ಜನ ಹೆದರುವುದಿಲ್ಲವೆ? ಬಂದೂಕನ್ನು ಹಸಿರು ಬೆಡ್‌ಶೀಟಿನಲ್ಲಿ ಅಚ್ಚುಕಟ್ಟಾಗಿ ಸುತ್ತಿ ಹುರಿಯಿಂದ ಬಿಗಿದೆ. ಲೈಸೆನ್ಸ್ ಪುಸ್ತಕ ಮಾಸಬಾರದೆಂದು ಅದಕ್ಕೆ ಕಂದು ಕಾಗದದ ಬೈಂಡ್ ಹಾಕಿ, ಗುಲಾಬಿ ಚಿತ್ರದ ಲೇಬಲ್ ಅಂಟಿಸಿದೆ. ಜೊತೆಗೆ ನಾನೂ ಹೊರಟೆ.

ಅಪ್ಪ ಬಸ್ಸಿಗೆ ಕಾಯುತ್ತಿರುವಾಗ, ರಸ್ತೆಯಾಚೆಯ ಅಂಗಡಿಯ ಕಾಯಿನ್ ಫೋನಿನಿಂದ ಠಾಣೆಗೆ ಫೋನ್ ಮಾಡಿದೆ. ಅಪರಿಚಿತರೊಡನೆ ಮಾತನಾಡುವುದೆಂದರೆ ನನಗೆ ಸಂಕೋಚ. ಆದ್ದರಿಂದ ಹೇಳಬೇಕಾದದ್ದನ್ನು ಬರೆದುಕೊಂಡಿದ್ದೆ. ಒಂದು ರೂಪಾಯಿ ಹಾಕಿ, ತಪ್ಪಿಲ್ಲದೆ ಓದಿದೆ.

“ಮಾನ್ಯರೇ, ನಮಸ್ಕಾರ. ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ಹತ್ತೂವರೆಯ ಬಸ್ಸಿನಲ್ಲಿ, ಬಿಳಿ ಪಂಚೆ ಉಟ್ಟ, ಸುಮಾರು ಅರವತ್ತು ವರ್ಷದ ವ್ಯಕ್ತಿಯೊಬ್ಬರು, ಹಸಿರು ಬೆಡ್‌ಶೀಟಿನಲ್ಲಿ ಬಂದೂಕು ಸುತ್ತಿಕೊಂಡು ತಮ್ಮ ಠಾಣೆಯತ್ತ ಹೊರಟಿದ್ದಾರೆ…”

ಒಂದು ರೂಪಾಯಿಯ ಹೊತ್ತು ಮುಗಿದು ಫೋನ್ ಕಟ್ಟಾಯಿತು. ಲೈಸೆನ್ಸ್ ವಿಚಾರ ಮುಂದಿನ ವಾಕ್ಯದಲ್ಲಿತ್ತು. ಹೆಸರು ಕೊನೆಯಲ್ಲಿತ್ತು. ಇನ್ನೊಂದು ನಾಣ್ಯ ನನ್ನಲ್ಲಿರಲಿಲ್ಲ, ಅಂಗಡಿಯವನಲ್ಲೂ ಇರಲಿಲ್ಲ. ಬಸ್ಸು ಬಂತು. ಇರಲಿ, ಮುಖ್ಯ ವಿಷಯ ಹೇಳಿಯಾಗಿದೆಯಲ್ಲ ಎಂದು ಹತ್ತಿದೆ!

ನಾಲೆಯ ಸೇತುವೆ ಬಳಿ ಜೀಪು ಅಡ್ಡ ನಿಂತಿತ್ತು. ಸಬ್‌ಇನ್ಸ್‌ಪೆಕ್ಟರರೂ ಮೂವರು ಕಾನ್‌ಸ್ಟೇಬಲ್‌ಗಳೂ ಬಸ್ಸಿಗೆ ನುಗ್ಗಿದರು.

“ಏಯ್, ಅಸಿರು ಬೆಡ್‌ಶೀಟು! ಕೈ ಎತ್ತೋ! ಇಳಿಯೋ ಕೆಳಕ್ಕೆ!”

“ಸಾ, ತಗಬನ್ನಿ ಅಂತ ತಾವೇ ನೋಟೀಸು…”

“ಬಾಯ್ ಮುಚ್ಚೋ! ಠಾಣೆಗೇ ನುಗ್ಗಕ್ಕೆ ಒಂಟಿದ್ದೀಯಾ?”

ಕಂಡಕ್ಟರ್ ಎದೆ ಹಿಡಿದುಕೊಂಡ. “ಅಯ್ಯೋ, ಹಾರೆ ಅಂದ್ಕಂಡಿದ್ನಲ್ಲಾ! ಲಗೇಜ್ ಟಿಕೇಟೂ ತಗಂಡಿಲ್ಲ ಸಾ ಇವ್ರು!”

ನಾನು ಪುಸ್ತಕ ಚಾಚಿ, “ಸರ್, ದಯವಿಟ್ಟು ಇದನ್ನು ನೋಡಿ,” ಎಂದೆ. ಸಬ್‌ಇನ್ಸ್‌ಪೆಕ್ಟರರು ಗುಲಾಬಿ ಲೇಬಲ್ ನೋಡಿದರು. “ನಿನ್ ನೋಟ್ಸ್ ಎಲ್ಲಾ ಆಮೇಲೆ ತೋರ್ಸಮ್ಮ!”

ಅಪ್ಪನ ಕೈಗಳನ್ನು ಅವರದೇ ಟವೆಲ್ಲಿನಿಂದ ಕಟ್ಟಿದರು. ಊರಿನ ಹತ್ತಾರು ಜನ ಕಿಟಕಿಗಳಿಂದ ನೋಡುತ್ತಿದ್ದರು. ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಠಾಣೆಯಲ್ಲಿ ಬೆಂಚು ಖಾಲಿಯಿದ್ದರೂ ಅವರನ್ನು ನೆಲದ ಮೇಲೆ ಕೂರಿಸಿದರು. ಚಪ್ಪಲಿಗಳಲ್ಲಿ ಒಂದು ಸೇತುವೆ ಬಳಿಯೇ ಉಳಿದಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ನಗು ಬರುವುದಿಲ್ಲ.

ನಾಲ್ಕು ಗಂಟೆ ಕಾಲ ಯಾರೂ ಪುಸ್ತಕ ತೆರೆಯಲಿಲ್ಲ. ನಾಲ್ಕಕ್ಕೆ ಠಾಣೆಯ ರೈಟರ್ ಊಟ, ಬಂದೋಬಸ್ತು ಎಲ್ಲ ಮುಗಿಸಿಕೊಂಡು ಬಂದು ಅಪ್ಪನನ್ನು ನೋಡಿ ಬೆಚ್ಚಿದರು. “ಅಯ್ಯೋ ಬಂದೂಕದ ಯಜಮಾನ್ರಾ! ಸಾ, ಡಿಪಾಸಿಟ್ ಮಾಡಿ ಅಂತ ಇವ್ರಿಗೆ ನೋಟೀಸು ಕಳ್ಸಿದ್ದು ನಾನೇ ಕನ್ ಸಾ!”

ಟವೆಲ್ ಬಿಚ್ಚಿದರು. ಐದಕ್ಕೆ ಹತ್ತು ನಿಮಿಷವಿರುವಾಗ ರಸೀದಿ ಬರೆದರು. ಲೈಸೆನ್ಸ್ ಉಳಿಯಿತು. ಸಬ್‌ಇನ್ಸ್‌ಪೆಕ್ಟರರು ಟೀ ತರಿಸಿದರು. ಅವರ ಲೆಕ್ಕದಲ್ಲಿ ಅದೇ ಕ್ಷಮೆ.

ಬದುಕಿನಲ್ಲಿ ಮೊದಲ ಬಾರಿ ನಾನು ದನಿಯೇರಿಸಿದೆ. “ಬಂದೂಕು ಇದೆ ಎಂದು ಯಾರಾದರೂ ಫೋನ್ ಮಾಡಿದರೆ ಬನ್ನಿ, ತಡೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಲೈಸೆನ್ಸ್ ಇದೆಯಾ ಅಂತ ಮೊದಲು ಕೇಳಬೇಕಲ್ಲವಾ ಸರ್? ಕೇಳಿ, ತೋರಿಸಿದ್ದನ್ನು ಓದಬೇಕಲ್ಲವಾ? ಎರಡು ನಿಮಿಷದ ಕೆಲಸಕ್ಕೆ ಇವರ ಕೈ ಕಟ್ಟಿದಿರಲ್ಲ, ಇಡೀ ಊರಿನ ಮುಂದೆ! ಬಿಚ್ಚಿದಾಗ ನೋಡುವುದಕ್ಕೆ ಊರಿನವರು ಒಬ್ಬರಾದರೂ ಇಲ್ಲಿದ್ದಾರಾ?”

ಸಬ್‌ಇನ್ಸ್‌ಪೆಕ್ಟರರು ತಲೆ ತಗ್ಗಿಸಿದರು. “ನೀವ್ ಯೋಳೋದು ಸರಿ ಕಣಮ್ಮ. ಆದ್ರೆ ಯಾವಳೋ ಫೋನ್ ಮಾಡಿದ್ಲು. ಒಳ್ಳೆ ಓದಿದೋಳ್ ಥರ ಮಾತು, ಅರ್ಧಕ್ಕೇ ಮಡುಗ್ಬುಟ್ಲು. ಲೈಸೆನ್ಸ್ ಅದೆ ಅಂತ ಅವ್ಳು ಒಂದ್ ಮಾತು ಯೋಳಿದ್ರೆ ನಾವ್ಯಾಕೆ ಇಂಗ್ ಮಾಡ್ತಿದ್ವಿ?”

ನಾನು ಬ್ಯಾಗನ್ನು ಬಗಲಿಗೆ ಅವುಚಿಕೊಂಡೆ. ಆ ಒಂದು ಮಾತು ಅದರೊಳಗಿನ ಚೀಟಿಯಲ್ಲಿತ್ತು. ದುಂಡಗಿನ ಅಕ್ಷರದಲ್ಲಿ!

ಸಂಜೆಯ ಬಸ್ಸಿನಲ್ಲಿ ಅಪ್ಪ ಒಂದೇ ಚಪ್ಪಲಿ ಮೆಟ್ಟಿಕೊಂಡು ಕುಳಿತಿದ್ದರು. ಸೇತುವೆ ದಾಟಿದ ಮೇಲೆ ಬಾಯಿ ಬಿಟ್ಟರು.

“ಪೋಲಿಸ್ನೋರ್ನ ಬುಡವ್ವ, ಅವ್ರು ಇರೋದೇ ಅಂಗೆ. ಆ ಫೋನ್ ಮಾಡಿದ ಎಂಗ್ಸು ಕೈಗ್ ಸಿಕ್ಬೇಕು ನಂಗೆ! ಅರ್ಧ ಮಾತಾಡಿ ಯಾಕ್ ಮಡುಗಿದ್ಲಂತೆ ಕೇಳ್ತೀನಿ!”

“ಬಿಡಪ್ಪ,” ಎಂದೆ ನಾನು, ಕಿಟಕಿಯಾಚೆ ನೋಡುತ್ತಾ. “ಪಾಪ, ಅವಳ ಹತ್ತಿರ ಇನ್ನೊಂದು ರೂಪಾಯಿ ಚಿಲ್ಲರೆ ಇರಲಿಲ್ಲ.”

ಅಪ್ಪ ಮೆಲ್ಲಗೆ ನನ್ನತ್ತ ತಿರುಗಿದರು.