ಗುರುವಪ್ಪ ಮಾಷ್ಟ್ರ ರಾಂಚೋ

ಡೊಂಬಿವಲಿಯ ಆ ಹಳೇ ಕಟ್ಟಡದ ಹಿಂದೆ ಎರಡು ಸ್ಕೂಟರ್ ನಿಲ್ಲಿಸುವಷ್ಟು ಮಣ್ಣಿನ ಜಾಗವಿತ್ತು. ಎಲ್ಲ ರಗಳೆಗೂ ಅದೇ ಮೂಲ. ಅಲ್ಲಿದ್ದದ್ದು ಶಂಕರಪುರದ ಒಂದು ಮಲ್ಲಿಗೆ ಗಿಡ. ಅದನ್ನು ಊರಿನಿಂದ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ನೆಟ್ಟವಳು ಗುರುವಪ್ಪ ಮಾಷ್ಟ್ರ ಹೆಂಡತಿ ದಮಯಂತಿ. ಅವಳು ತೀರಿಕೊಂಡ ಮೇಲೆ ಮಾಷ್ಟ್ರು ದಿನಾ ಬೆಳಿಗ್ಗೆ ಒಂದಿಷ್ಟು ಹೂ ಕೊಯ್ದು ಅವಳ ಪಟಕ್ಕೆ ಇಡುತ್ತಿದ್ದರು. ಪಾಪ, ಬದುಕಿನಲ್ಲಿ ಅವರಿಗೆ ಉಳಿದಿದ್ದ ಕೆಲಸ ಅದೊಂದೇ.

ಆ ಭಾನುವಾರ ಮಾಷ್ಟ್ರು ಹೂವಿಗೆಂದು ಹೊರಡುವಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಅನಿಲಕುಮಾರ ಬಾಗಿಲು ಬಡಿದ.

“ಮಾಷ್ಟ್ರೇ, ಹಿಂದಿನ ಜಾಗಕ್ಕೆ ನಾಳೆ ಕಾಂಕ್ರೀಟ್. ಪಾರ್ಕಿಂಗ್ ಬನಾನೇಕಾ ಹೈ. ಗಿಡ ತೆಗೀಬೇಕಾಗ್ತದೆ. ಸಾರಿ ಹಾಂ.”

“ಅದು ದಮಯಂತಿಯ ಜಾಗ ಮಾರಾಯ!”

“ಪ್ರೂಫ್ ಉಂಟಾ?”

ಕೇಳಬಾರದ್ದನ್ನು ಕೇಳಿದ! ಮಾಷ್ಟ್ರು ರಾತ್ರಿಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟವರು. ಜಗತ್ತಿನ ಇತಿಹಾಸದಲ್ಲಿ ಅವರಿಗೆ ಹುಚ್ಚು ಹಿಡಿಸಿದ್ದು ಒಂದೇ, ಕ್ಯಾಲಿಫೋರ್ನಿಯಾದ ರಾಂಚೋಗಳು. ಅಮೆರಿಕದ ಪಾಲಾಗುವ ಮೊದಲು ಆ ಸೀಮೆ ಮೆಕ್ಸಿಕೋದ ಕೈಯಲ್ಲಿತ್ತಲ್ಲ, ಆಗ ಸರಕಾರ ದನ ಮೇಯಿಸಲಿಕ್ಕೆಂದು ಕಣ್ಣು ಹಾಯುವಷ್ಟು ಭೂಮಿಯನ್ನು ಕೇಳಿದವರಿಗೆ ಬರೆದುಕೊಡುತ್ತಿತ್ತು. ಆ ಭೂಮಿಗೆ ರಾಂಚೋ ಎಂದು ಹೆಸರು. ಈ ಕತೆಯನ್ನು ಬೇಸರವಿಲ್ಲದೆ ಕೇಳಿದ ಜೀವ ಲೋಕದಲ್ಲಿ ದಮಯಂತಿ ಒಬ್ಬಳೇ.

“ಕೇಳು ಅನಿಲ, ಅಲ್ಲಿ ಒಂದು ಮರ, ಒಂದು ತೋಡು, ಒಂದು ಗುಡ್ಡ ಗೀಚಿದ ನಕ್ಷೆ ಸಾಕಿತ್ತು. ಅಧಿಕಾರಿ ಬಂದು ಕೈಹಿಡಿದು ಜಾಗದೊಳಗೆ ಕರ್ಕೊಂಡು ಹೋಗ್ತಿದ್ದ. ಜಾಗ ಪಡೆದವನು ಹುಲ್ಲು ಕೀಳ್ಬೇಕು, ಗೆಲ್ಲು ಮುರೀಬೇಕು, ನಾಲ್ಕು ದಿಕ್ಕಿಗೆ ಮಣ್ಣು ಬಿಸಾಡ್ಬೇಕು. ನೆರೆಕರೆಯವರು ನೋಡಿದ್ರೆ ಮುಗೀತು, ಜಾಗ ಅವನದ್ದು. ಆಮೇಲೆ ಅಮೆರಿಕದವರು ಬಂದು ನಿನ್ನ ಹಾಗೆಯೇ ಪ್ರೂಫ್ ಕೇಳಿದ್ರು. ವರ್ಷಗಟ್ಟಲೆ ಕೋರ್ಟಿಗೆ ಅಲೆದು ಗೆದ್ದವರಲ್ಲೂ ಎಷ್ಟೋ ಜನಕ್ಕೆ ಕೋರ್ಟು ಖರ್ಚಿನ ಸಾಲದಿಂದ ಜಾಗ ದಕ್ಕಲಿಲ್ಲ!”

“ಮೆಕ್ಸಿಕೋದಲ್ಲಿ ಪಾರ್ಕಿಂಗ್ ಪ್ರಾಬ್ಲಂ ಇರ್ಲಿಲ್ಲ ಮಾಷ್ಟ್ರೇ,” ಎಂದು ಅನಿಲಕುಮಾರ ಮೆಟ್ಟಿಲಿಳಿದ.

ಮಾಷ್ಟ್ರಿಗೆ ತಡೆಯಲಾಗಲಿಲ್ಲ. ಲುಂಗಿ ಎತ್ತಿಕಟ್ಟಿ ಹಿತ್ತಲಿಗೆ ನಡೆದರು. ಕೈಹಿಡಿದು ಕರೆದೊಯ್ಯಲು ಅಧಿಕಾರಿ ಎಲ್ಲಿಂದ ಬರಬೇಕು? ತನ್ನ ಎಡಗೈಯನ್ನು ತಾನೇ ಬಲಗೈಯಲ್ಲಿ ಹಿಡಿದುಕೊಂಡು ಜಾಗದೊಳಗೆ ಕಾಲಿಟ್ಟರು. ಹುಲ್ಲು ಕಿತ್ತರು. “ಎಲ್ಲರೂ ನೋಡಿ!” ಎಂದು ಕೂಗಿ ನಾಲ್ಕು ದಿಕ್ಕಿಗೂ ಹಿಡಿ ಹಿಡಿ ಮಣ್ಣು ತೂರಿದರು. ಗೆಲ್ಲು ಮುರಿಯಲು ಮಲ್ಲಿಗೆಗೆ ಕೈ ಹಾಕಿದಾಗ ಮಾತ್ರ ದಮಯಂತಿಯ ನೆನಪು ಒತ್ತಿಕೊಂಡು ಬಂದು, ಅಳು ತಡೆಯಲಾಗದೆ ಮೈಯೆಲ್ಲ ಗಡಗಡ ನಡುಗಿತು.

ಮೊದಲ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಉಡುಪಿಯ ಅಕ್ಕು ಶೆಡ್ತಿ ಇದನ್ನು ನೋಡಿದರು. ಸೌಟು ಕೈಯಿಂದ ಜಾರಿತು.

“ಅಯ್ಯೋ ದೇವ್ರೇ! ಮಾಷ್ಟ್ರ ಮೈಮೇಲೆ ದರ್ಶನ ಬಂತು! ಅಲ್ಲಿ ದೈವ ಉಂಟು!”

ಇನ್ನು ಕೇಳಬೇಕೆ! ಕಣ್ಣೀರು ಒರೆಸಿಕೊಳ್ಳುವುದರೊಳಗೆ ಮಾಷ್ಟ್ರ ಸುತ್ತ ಇಡೀ ಕಟ್ಟಡ ಕೈಮುಗಿದು ನಿಂತಿತ್ತು. ಅಕ್ಕು ಶೆಡ್ತಿ ಗಿಡದ ಬುಡದ ಕಲ್ಲಿಗೆ ನೀರೆರೆದು ಕುಂಕುಮ ಹಚ್ಚಿಯೇಬಿಟ್ಟರು.

“ಅದಕ್ಕೇ ನನ್ನ ಸ್ಕೂಟಿ ಇಲ್ಲಿ ಸ್ಟಾರ್ಟೇ ಆಗ್ತಿರ್ಲಿಲ್ಲ!” ಎಂದಳು ಅನಿಲಕುಮಾರನ ಹೆಂಡತಿ ಪೂಜಿತಾ.

“ಅಯ್ಯೋ, ದೈವ ಅಲ್ಲ ಅಕ್ಕಾ, ಇದು ಮೆಕ್ಸಿಕೋದ್ದು...”

“ಎಲ್ಲಿಯದ್ದಾದ್ರೆ ಎಂತ ಮಾಷ್ಟ್ರೇ? ನಮ್ಮ ದೈವಗಳೂ ಘಟ್ಟ ಇಳಿದು ಬಂದದ್ದಲ್ವಾ?” ಎಂದರು ಅಕ್ಕು ಶೆಡ್ತಿ.

ಅನಿಲಕುಮಾರ ಕೆನ್ನೆ ಕೆನ್ನೆ ಬಡಿದುಕೊಂಡ. “ತಪ್ಪಾಯ್ತು. ಕಾಂಕ್ರೀಟ್ ಕ್ಯಾನ್ಸಲ್!”

ಮಾಷ್ಟ್ರ ಬಾಯಿ ಅಲ್ಲಿಗೆ ಮುಚ್ಚಿತು. ಮನೆಗೆ ಬಂದು ಹೊಟ್ಟೆ ತುಂಬ ಉಂಡು, ಬಹಳ ದಿನಗಳ ಮೇಲೆ ನೆಮ್ಮದಿಯಿಂದ ನಿದ್ದೆ ಹೋದರು.

ಸಂಜೆ ಎದ್ದಾಗ ಪಟ ಬರಿದಾಗಿರುವುದು ಕಣ್ಣಿಗೆ ಬಿತ್ತು. ಈ ಗದ್ದಲದಲ್ಲಿ ಹೂವೇ ಮರೆತುಹೋಗಿತ್ತು. ಅವಸರದಲ್ಲಿ ಕೆಳಗಿಳಿದರೆ ಗಿಡದ ಸುತ್ತ ಉಲ್ಹಾಸನಗರದಿಂದ ತರಿಸಿದ ಕಬ್ಬಿಣದ ಗ್ರಿಲ್ಲು ನಿಂತಿತ್ತು. ಅದಕ್ಕೊಂದು ಬೀಗ. ಬೀಗದ ಕೈ ಅಕ್ಕು ಶೆಡ್ತಿಯ ಸೊಂಟದಲ್ಲಿ.

“ಅಕ್ಕಾ, ಸ್ವಲ್ಪ ತೆಗೀರಿ. ದಮಯಂತಿಗೆ ಹೂ ಬೇಕಿತ್ತು.”

ಅಕ್ಕು ಶೆಡ್ತಿ ಗಲ್ಲದ ಮೇಲೆ ಕೈಯಿಟ್ಟರು. “ದೈವಕ್ಕೆ ಸಂದ ಹೂವನ್ನು ಸತ್ತವರ ಪಟಕ್ಕೆ ಇಡ್ಲಿಕ್ಕುಂಟಾ ಮಾಷ್ಟ್ರೇ? ಎಂತ ಹೇಳ್ತೀರಿ ನೀವು!”

ಅಲ್ಲೇ ನಿಂತಿದ್ದ ಅನಿಲಕುಮಾರ ಮಾಷ್ಟ್ರ ಮುಖವನ್ನೇ ದಿಟ್ಟಿಸುತ್ತಿದ್ದ.

“ದೈವ ಪಕ್ಕಾ ಉಂಟಲ್ಲ ಮಾಷ್ಟ್ರೇ? ಇಲ್ಲ ಅಂದ್ರೆ ಈಗ್ಲೇ ಹೇಳಿ, ಕಾಂಕ್ರೀಟಿನವನಿಗೆ ಫೋನ್ ಮಾಡ್ತೇನೆ.”

ಗ್ರಿಲ್ಲಿನ ಒಳಗೆ ಮಲ್ಲಿಗೆ ಅರಳಿ ಘಮಘಮಿಸುತ್ತಿತ್ತು. ಮಾಷ್ಟ್ರು ಅದನ್ನೇ ನೋಡಿದರು.

“ಉಂಟು,” ಎಂದರು.

ಮೆಟ್ಟಿಲು ಹತ್ತಿ ಬಂದು ಪಟದ ಮುಂದೆ ಬರಿಗೈಯಲ್ಲಿ ಕೂತರು.

“ಗಿಡ ಉಳೀತು ಮಾರಾಯ್ತಿ,” ಎಂದರು. “ಹೂ ಮಾತ್ರ ಕೇಳ್ಬೇಡ.”