ಕೋಳಿಗೆ ಕೊಡೆ ಹಿಡಿದವರು

ಶಹಾಪುರದಲ್ಲಿ ಕೋಳಿಗೆ ಕೊಡೆ ಹಿಡಿದು ಓಡಾಡಿದ ಮನುಷ್ಯ ಇಲ್ಲಿಯವರೆಗೆ ಒಬ್ಬರೇ. ನನ್ನ ಅದೃಷ್ಟ ನೋಡಿ, ನಾನು ಮದುವೆಯಾಗಿದ್ದು ಅವರನ್ನೇ!

ಕೊಡೆ ಮಳೆಗಲ್ಲ, ಬಿಸಿಲಿಗೆ. ನಮ್ಮ ಕಡೆಯ ಬಿಸಿಲು ಎಂಥದೆಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ಬಿಳಿ ಕೋಳಿಯ ಪುಕ್ಕ ಬಿಸಿಲಿಗೆ ಹಳದಿ ತಿರುಗುತ್ತದಂತೆ. ತಿರುಗಿದರೆ ಕೋಳಿ ಪ್ರದರ್ಶನದಲ್ಲಿ ನಂಬರ್ ಹೋಗುತ್ತದಂತೆ. ಅದಕ್ಕೆ ನಮ್ಮ ಮನೆಯವರು ಹಿತ್ತಲಲ್ಲಿ ಕೋಳಿಯ ಹಿಂದೆ ಕೊಡೆ ಹಿಡಿದು ನಡೆಯುತ್ತಿದ್ದರು. ಅದು ಎಡಕ್ಕೆ ಹೋದರೆ ಇವರೂ ಎಡಕ್ಕೆ. ಅದು ನಿಂತು ನೆಲ ಕೆದರಿದರೆ ಇವರೂ ನಿಂತು ಕಾಯುವುದು. ಅದೇ ಹೊತ್ತಿಗೆ ನಾನು ಪಕ್ಕದಲ್ಲೇ ಸುಡುಬಿಸಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ.

"ಅಲ್ರೀ, ನನಗೂ ಬಿಸಲ ಹತ್ತತದ," ಎಂದೆ ಒಮ್ಮೆ.

"ನಿನಗ ನಂಬರ್ ಹಾಕೋರು ಯಾರ ಅದಾರ?" ಎಂದರು. ಕೊಡೆ ಮಾತ್ರ ಒಂದು ಗೇಣೂ ಸರಿಯಲಿಲ್ಲ!

ಅವರು ಟೇಲರ್. ಬಜಾರಿನಲ್ಲಿ ಸಣ್ಣ ಅಂಗಡಿ. ಯಾವುದೋ ಮದುವೆಯ ಬಟ್ಟೆ ತರಲು ಹೈದರಾಬಾದಿಗೆ ಹೋದವರು ಬಟ್ಟೆಯ ಜೊತೆ ಒಂದು ಜೋಡಿ ಗಿಡ್ಡ ಕೋಳಿ ತಂದರು. ಬ್ಯಾಂಟಮ್ ಅನ್ನುತ್ತಾರೆ. ಒಂದೇ ಅಂಗೈ ಮೇಲೆ ಕೂಡುವಷ್ಟು ಗಾತ್ರ, ಮೈಯೆಲ್ಲ ಹತ್ತಿಯ ಉಂಡೆ, ಕಾಲಿಗೂ ಪುಕ್ಕ. ಬಿಳಿ ಪೈಜಾಮ ತೊಟ್ಟು ನಡೆದಂತೆ ಕಾಣುತ್ತಿತ್ತು. ಟೇಲರನಿಗೆ ಅದು ಹಿಡಿಸದೆ ಇರುತ್ತದೆಯೇ? ಅಂದಿನಿಂದ ಕೊರಳಲ್ಲಿನ ಟೇಪು ಗಿರಾಕಿಗಳ ಸೊಂಟಕ್ಕಿಂತ ಕೋಳಿಗಳ ಬಾಲ ಅಳೆದದ್ದೇ ಹೆಚ್ಚು. "ನನ್ನ ಬ್ಲೌಸ್ ಆತೇನ್ರಿ?" ಎಂದು ಯಾರಾದರೂ ಬಂದರೆ, "ಕೋಳಿ ಕಾವಿಗೆ ಕುಂತದ, ಮುಂದಿನ ವಾರ ಬರ್ರಿ," ಎನ್ನುವರು. ಕೋಳಿ ಕಾವಿಗೆ ಕೂತರೆ ಇವರ ಕೈಗೇನಾಗಿತ್ತೋ, ದೇವರೇ ಬಲ್ಲ!

ನನ್ನ ಮೈದುನ ಸುರಪುರದಿಂದ ಬಂದವನು ಆ ಕೋಳಿಗಳನ್ನು ನೋಡಿ ಅಣ್ಣನನ್ನು ಕೇಳಿದ: "ಅಣ್ಣಾ, ಇದು ಎಷ್ಟ ಮಂದಿಗೆ ಸಾರ ಆಗ್ತದ?"

"ಇದು ತಿನ್ನೂ ಕೋಳಿ ಅಲ್ಲಲೇ, ನೋಡೂ ಕೋಳಿ."

"ಹಂಗಾರ ನಾ ನೋಡಕೋತ ರೊಟ್ಟಿ ತಿನ್ನಲೇನು?"

ಅವತ್ತು ಅವನು ತಿಂದದ್ದು ಹಾಗೆಯೇ, ಪುಂಡಿಪಲ್ಯ ಹಚ್ಚಿಕೊಂಡು.

ನಮ್ಮ ಮನೆಯವರ ಆಸೆ ಒಂದೇ: ತಾವೇ ತಳಿ ಬೆಳೆಸಿದ ಕೋಳಿ, ಒಂದೂ ಬೇರೆ ಬಣ್ಣದ ಪುಕ್ಕವಿಲ್ಲದ ಅಚ್ಚ ಬಿಳಿ ಕೋಳಿ, ಕಲಬುರಗಿಯ ಪ್ರದರ್ಶನದಲ್ಲಿ ಒಂದು ಬಹುಮಾನ ಪಡೆಯಬೇಕು. ಕೊಂಡು ತಂದ ಕೋಳಿಯಿಂದ ಬಂದ ಬಹುಮಾನ ಬೇಡ. ರೆಡಿಮೇಡ್ ಅಂಗಿಯನ್ನು ನಾನೇ ಹೊಲಿದೆ ಅಂದಂತೆ ಆಗುತ್ತದಲ್ಲ, ಅನ್ನುವರು.

ಅದಕ್ಕಾಗಿ ಮನೆಯಲ್ಲಿ ದಿನಾ ತಾಲೀಮು. ಪಂಜರದಲ್ಲಿ ಕೋಳಿ ಎದೆ ಉಬ್ಬಿಸಿ ಅಲುಗಾಡದೆ ನಿಲ್ಲಬೇಕು, ಹೊರಗಿನವರು ಕೈ ಹಾಕಿದರೂ ಅಂಜಬಾರದು. ಹೊರಗಿನವರು ಯಾರು? ನಾನೇ! ಅತ್ತೆಯ ಕನ್ನಡಕ ಹಾಕಿಕೊಂಡು ಜಡ್ಜ್ ಆಗಿ ಬರಬೇಕಿತ್ತು.

"ಮುಖ ಜರಾ ಸಿಟ್ಟಿನ್ಯಾಗ ಇಟ್ಕೋ. ಜಡ್ಜ್ ನಗಂಗಿಲ್ಲ."

ಒಲೆಯ ಮೇಲೆ ಹಾಲು ಉಕ್ಕುವಾಗ ಕರೆದಿದ್ದರು. ಮುಖಕ್ಕೆ ನಾನು ಬೇರೇನೂ ಮಾಡಬೇಕಾಗಿರಲಿಲ್ಲ.

ಮೊದಲ ಪ್ರದರ್ಶನಕ್ಕೆ ಹೊರಡುವ ಹಿಂದಿನ ದಿನ ಹುಂಜಕ್ಕೆ ಶಾಂಪೂ ಸ್ನಾನವಾಯಿತು, ಟೂತ್‌ಬ್ರಶ್ಶಿನಿಂದ ಉಗುರು ತಿಕ್ಕಿದ್ದಾಯಿತು, ಜುಟ್ಟಿಗೆ ಒಂದು ಹನಿ ಕೊಬ್ಬರಿ ಎಣ್ಣೆಯೂ ಆಯಿತು. ಬೆಳಿಗ್ಗೆ ಅವರು ಬಚ್ಚಲಿಗೆ ಹೋದ ಹೊತ್ತಿನಲ್ಲಿ ನಮ್ಮ ಅತ್ತೆ ಎದ್ದು ಬಂದರು. ಕಣ್ಣು ಮಂಜು, ಆದರೆ ಶಾಸ್ತ್ರ ಮಂಜಾಗಿರಲಿಲ್ಲ.

"ನಾಕ್ ಮಂದಿ ಮುಂದ ನಿಂದ್ರೂ ಜೀವ. ಅರಿಶಿಣ ಹಚ್ಚಲಾರ್ದ ಹ್ಯಾಂಗ ಕಳಸೂದವ್ವ? ಮದುಮಗನ ಕಳಸ್ತೇವೇನು ಹಂಗ?"

ಹಚ್ಚಿದರು. ತಲೆಯಿಂದ ಬಾಲದವರೆಗೆ ಹಚ್ಚಿ ಬುಟ್ಟಿಯೊಳಗೆ ಕೂಡಿಸಿದರು. ಧೂಳು ಹೋಗಬಾರದೆಂದು ಬುಟ್ಟಿಗೆ ಇವರೇ ಒಂದು ಮುಸುಕು ಹೊಲಿದಿದ್ದರು. ಕಲಬುರಗಿಯವರೆಗೆ ಅದನ್ನು ತೆರೆಯಲೇ ಇಲ್ಲ. ಅಲ್ಲಿ ತೆರೆದರೆ, ಬಿಳಿ ಕೋಳಿಗಳ ಸಾಲಿನಲ್ಲಿ ಹಸೆಮಣೆಯಿಂದ ಎದ್ದು ಬಂದ ಒಬ್ಬ ಮದುಮಗ!

"ಇದೇನ್ರೀ ಇದು?" ಎಂದರಂತೆ ಜಡ್ಜ್.

"ನಮ್ಮವ್ವ ಆಶೀರ್ವಾದ ಮಾಡ್ಯಾಳ್ರಿ ಸರ್."

"ಆಶೀರ್ವಾದಕ್ಕ ಇಲ್ಲಿ ನಂಬರ್ ಇಲ್ರಿ."

ಮನೆಗೆ ಬಂದು ಅತ್ತೆಗೆ ಅವರು ಹೇಳಿದ್ದು ಇಷ್ಟು: "ಎಲ್ರೂ ನಮ್ಮ ಕೋಳಿನ ನೋಡಾಕತ್ತಿದ್ರವ್ವ." ಅದು ಸುಳ್ಳೂ ಅಲ್ಲ. ಅರಿಶಿಣ ಕಲಸಿ ಕೊಟ್ಟವಳು ನಾನು ಎಂಬುದನ್ನು ಅವರಿಗೆ ನಾನು ಹೇಳಲೇ ಇಲ್ಲ. ಈಗ ನಿಮಗೆ ಹೇಳಿದೆ.

ಮುಂದಿನ ಸಲದ ಹುಂಜ ಎಲ್ಲದರಲ್ಲೂ ಸರಿ ಇತ್ತು, ರೆಕ್ಕೆಯೊಳಗಿನ ಒಂದು ಕರಿ ಪುಕ್ಕದ ಹೊರತು. "ಕಿತ್ತ ಬಿಡ್ರಿ, ಯಾರಿಗ್ ಗೊತ್ತಾಗ್ತದ?" ಎಂದೆ.

"ಕೋಳಿಗೆ ಗೊತ್ತಾಗ್ತದಲ್ಲ!" ಎಂದರು. ಆ ವರ್ಷ ಕಲಬುರಗಿಗೆ ಹೋಗಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಯಾವ ಹುಂಜಕ್ಕೆ ಯಾವ ಹೇಟೆ ಎಂದು ಗೋಡೆಯ ಮೇಲೆ ಟೇಲರ್ ಸೀಮೆಸುಣ್ಣದಲ್ಲಿ ಬರೆಯುತ್ತ, ಅಳಿಸುತ್ತ ಕೂತರು. ನಮ್ಮ ಮಗಳ ಜಾತಕವನ್ನೂ ಅವರು ಅಷ್ಟು ಕೂಡಿಸಿ ಕಳೆದು ನೋಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಏಳು ಮೊಟ್ಟೆ ಕಾವಿಗಿಟ್ಟರು. "ಈ ಸಲ ಬರ್ತದ ನೋಡು," ಎಂದರು. ಹತ್ತು ದಿನ ಕಳೆದು, ಅಂಗಡಿಯಲ್ಲಿ ಮಷೀನಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಎದೆ, ಅಂದರು ಡಾಕ್ಟರು.

ಅವರು ಹೋದ ಹನ್ನೊಂದನೆಯ ದಿನ ಮನೆ ತುಂಬ ನೆಂಟರಿದ್ದಾಗ ಮರಿಗಳು ಮೊಟ್ಟೆಯೊಡೆದು ಬಂದವು. ಅತ್ತ ಅಳು, ಇತ್ತ ಚಿಂವ್ ಚಿಂವ್. ನಾನು ಎರಡರ ನಡುವೆ ನುಚ್ಚಿನ ತಟ್ಟೆ ಹಿಡಿದು ನಿಂತಿದ್ದೆ.

ಮೈದುನ ಮೆಲ್ಲಗೆ ಹೇಳಿದ: "ವೈನಿ, ಇವನ್ನ ಯಾರಿಗಾರ ಕೊಟ್ಟ ಬಿಡೂಣ್ರಿ. ನಿಮಗ ಆಗಂಗಿಲ್ಲ."

"ಕೊಡಂಗಿಲ್ಲ," ಎಂದೆ.

"ಕೋಳಿ ಬಗ್ಗೆ ನಿಮಗೇನ್ ಗೊತ್ತದ?"

"ಅವರ ಕೈಯಾಗ ಬೈಸ್ಕೊಂಡಿದ್ದೆಲ್ಲ ಗೊತ್ತದ. ಅಷ್ಟ ಸಾಕು."

ಏಳರಲ್ಲಿ ಐದು ಉಳಿದವು. ಅವು ಬೆಳೆದ ಮೇಲೆ ದಿನಾ ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಪುಕ್ಕ ಬಿಡಿಸಿ ಬಿಡಿಸಿ ನೋಡಿದೆ. ಒಂದು ಹೇಟೆ ಮಾತ್ರ ತುದಿಯಿಂದ ಬುಡದವರೆಗೆ ಬಿಳಿ. ಅದನ್ನು ತೊಳೆದು, ಒಣಗಿಸಿ, ಮೈದುನನನ್ನು ಎಬ್ಬಿಸಿಕೊಂಡು ಕಲಬುರಗಿಗೆ ಹೋದೆ. ಚೀಟಿಯನ್ನು ಅಲ್ಲೊಬ್ಬರು ತುಂಬಿದರು. ಅದರಲ್ಲಿ ಮಾಲೀಕರು ಎಂಬಲ್ಲಿ ನನ್ನ ಹೆಸರು ಬರೆದುಕೊಂಡರು.

ಮೂರನೆಯ ಬಹುಮಾನ ಬಂತು. ಮೂರನೆಯದು, ಆದರೂ ಬಂತು! ವೇದಿಕೆಯಲ್ಲಿ ಮೈಕ್ ಹಿಡಿದವರು ಚೀಟಿ ನೋಡಿ ನಿಂತರು.

"ಅವ್ವಾ, ತಳಿ ಬೆಳಸಿದವ್ರ ಹೆಸರು ಖಾಲಿ ಅದ. ಯಾರ್ರಿ?"

ನಮ್ಮಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳುವುದಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಮದುವೆಯ ದಿನ, ಹೆಂಗಸರೆಲ್ಲ ಸುತ್ತುವರಿದು ಕಾಡಿದ್ದಕ್ಕೆ ಒಡಪಿನ ಪ್ರಾಸದಲ್ಲಿ ಸೇರಿಸಿ ಒಂದೇ ಸಲ ಹೇಳಿದ್ದೆ. ಆಮೇಲೆ ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಯಾರು ಕೇಳಿದರೂ ಪಕ್ಕದವರು ಹೇಳುತ್ತಿದ್ದರು. ಮೈದುನ ಈಗಲೂ ಹಾಗೆಯೇ ಹೇಳಲು ಬಾಯಿ ತೆರೆದ. ನಾನು ಕೈ ಅಡ್ಡ ಮಾಡಿದೆ.

ಹೇಳಿದೆ.

"ಕೋಳಿ ಗದ್ದಲದಾಗ ಕೇಳಸವಲ್ದವ್ವಾ. ಜರಾ ಜೋರ್ ಹೇಳ್ರಿ."

ಕೋಳಿಯನ್ನು ಎದೆಗೊತ್ತಿಕೊಂಡು, ಮಂಟಪದ ಆ ತುದಿಗೂ ಕೇಳುವಂತೆ ಮತ್ತೆ ಹೇಳಿದೆ.